ಕುಂಬಾರಗಿತ್ತಿಯ ಹಿತ್ತಲು

ವೈದ್ಯ ಮರುಳಪ್ಪ ಗುರುಗಳ ಬಳಿಗೆ ಬಂದು ಕೇಳಿದ:

"ಗುರುಗಳೇ, ಇನ್ನು ಮುಂದೆ ನಾನು ನಾಡಗೌಡನ ಮನೆಯವರಿಗೆ ಮಾತ್ರ ಮದ್ದು ಕೊಡಬೇಕು ಎಂದು ಅವನು ಅಪ್ಪಣೆ ಮಾಡಿದ್ದಾನೆ. ಒಪ್ಪದಿದ್ದರೆ ನನ್ನ ಮದ್ದಿನ ಓಲೆಗಳನ್ನು ಸುಡಿಸುತ್ತಾನಂತೆ. ಮೂವತ್ತು ವರ್ಷ ಊರೂರು ಅಲೆದು ಬರೆದಿಟ್ಟದ್ದು. ಅವನ ಎದುರು ನಿಲ್ಲುವುದು ಹೇಗೆ?"

ಗುರುಗಳು ಹೇಳಿದರು:

ಒಬ್ಬ ಕುಂಬಾರಗಿತ್ತಿ ಇದ್ದಳು. ಅವಳಿಗೆ ಗಿಡಗಳ ಹುಚ್ಚು. ಮಡಕೆ ಮಾರಲು ಹೋದ ಊರುಗಳಿಂದೆಲ್ಲ ಒಂದು ಕಡ್ಡಿಯನ್ನೋ ಗೆಡ್ಡೆಯನ್ನೋ ತರುತ್ತಿದ್ದಳು. ಸುಡುವಾಗ ಬಿರುಕು ಬಿಟ್ಟ ಮಡಕೆಗಳಲ್ಲಿ ಅವನ್ನು ನೆಡುತ್ತಿದ್ದಳು. ಮೂವತ್ತು ವರ್ಷದಲ್ಲಿ ಅವಳ ಹಿತ್ತಲಲ್ಲಿ ಕಾಲಿಡಲು ಜಾಗವಿರಲಿಲ್ಲ.

ಅವಳದೊಂದು ನಿಯಮವಿತ್ತು. ಹೊಸ ಗಿಡ ಹೂ ಬಿಟ್ಟರೆ ಅವಳು ಮುಡಿಯುತ್ತಿರಲಿಲ್ಲ. ಅದರ ಒಂದು ಕಡ್ಡಿ ಬೇರೊಬ್ಬರ ಮನೆಯಲ್ಲಿ ಚಿಗುರಿದ ಸುದ್ದಿ ಬಂದ ಮೇಲೆಯೇ ಮುಡಿಯುತ್ತಿದ್ದಳು. ಊರವರಿಗೆ ಇದು ತಮಾಷೆ. ಆದರೆ ಅವಳು ಕಡ್ಡಿ ಕೊಟ್ಟರೆ ಯಾರೂ ಬೇಡ ಎನ್ನುತ್ತಿರಲಿಲ್ಲ.

ಅವಳಲ್ಲಿ ನಸುಹಳದಿ ಮಲ್ಲಿಗೆಯೊಂದಿತ್ತು. ಅದರ ಸುದ್ದಿ ಪಾಳೆಯಗಾರನ ಹೆಂಡತಿಯ ಕಿವಿಗೆ ಬಿತ್ತು. ಆ ಹೂ ಅರಮನೆಯಲ್ಲಿ ಮಾತ್ರ ಇರಬೇಕು ಎಂದು ಅವಳು ಹಠ ಹಿಡಿದಳು. ಅರಮನೆಯ ಅಧಿಕಾರಿಯೊಬ್ಬ ಆಳುಗಳೊಂದಿಗೆ ಬಂದು ಗಿಡವನ್ನು ಬುಡಸಮೇತ ಕೇಳಿದ.

"ಒಂದು ಕಡ್ಡಿ ಕೊಡ್ತೀನಿ, ಬುಡ ಕೊಡಲ್ಲ," ಎಂದಳು ಕುಂಬಾರಗಿತ್ತಿ.

"ಕೊಡದಿದ್ದರೆ ಹಿತ್ತಲನ್ನೇ ಅಗೆಸಿಬಿಡ್ತೀನಿ."

"ಅಗೆಸಿ. ಗುದ್ದಲಿ ಸಾಲದಿದ್ದರೆ ಒಳಗೆ ನಂದೊಂದಿದೆ, ತಂದು ಕೊಡ್ತೀನಿ."

ಅವರು ಅಗೆದರು. ಮಲ್ಲಿಗೆಯ ಬುಡ ಕಿತ್ತರು, ಮಡಕೆಗಳನ್ನು ಒಡೆದರು, ಉಳಿದದ್ದನ್ನು ತುಳಿದರು. ಹಿತ್ತಲು ಮುಗಿಯಿತು, ಕುಂಬಾರಗಿತ್ತಿಯ ಹಠವೂ ಮುಗಿಯಿತು ಎಂದುಕೊಂಡು ಹೋದರು. ಅವರು ಹೋಗುವ ತನಕ ಅವಳು ತಲೆ ಎತ್ತಿಯೇ ನಿಂತಿದ್ದಳು. ಆಮೇಲೆ ಅತ್ತಳು. ಧೈರ್ಯವಂತರು ಅಳುವುದಿಲ್ಲ ಎನ್ನುವವರು ಒಂದು ಗಿಡವನ್ನೂ ಬೆಳೆಸಿದವರಲ್ಲ.

ಮೂರನೆಯ ದಿನ ಗಾಣಿಗರ ಮನೆಯ ಸೊಸೆ ಒಂದು ಕಡ್ಡಿ ಹಿಡಿದು ಬಂದಳು. "ತಗೋ ಅಕ್ಕ, ನೀನು ಕೊಟ್ಟಿದ್ದೇ," ಎಂದಳು. ಆಮೇಲೆ ಕುಂಬಾರಗಿತ್ತಿಯ ಮನೆಯ ಬಾಗಿಲಿಗೆ ಬಿಡುವೇ ಇರಲಿಲ್ಲ. ಹತ್ತು ಊರುಗಳಿಂದ ಗಿಡಗಳು ಬಂದವು. ನಸುಹಳದಿ ಮಲ್ಲಿಗೆಯೇ ಏಳು ಮನೆಗಳಿಂದ ಬಂತು. ಅವಳು ಇನ್ನೂ ಯಾರಿಗೂ ಕೊಡದೆ ಇಟ್ಟುಕೊಂಡಿದ್ದ ಎರಡು ಗಿಡಗಳು ಮಾತ್ರ ಮರಳಲಿಲ್ಲ. ಅವಳು ಸಾಯುವ ತನಕ ಆ ಎರಡರ ಹೆಸರನ್ನೇ ಹೇಳುತ್ತಿದ್ದಳು.

ಮರುವರ್ಷ ಅದೇ ಅಧಿಕಾರಿ ಮತ್ತೆ ಬಂದ. ಈ ಸಲ ಗುದ್ದಲಿ ತಂದಿರಲಿಲ್ಲ. ಅರಮನೆಗೆ ಒಯ್ದ ಬುಡ ಒಣಗಿಹೋಗಿತ್ತು. ದಾರಿಯುದ್ದಕ್ಕೂ ಹೆಂಗಸರ ತಲೆಯಲ್ಲಿ ನಸುಹಳದಿ ಹೂ ನೋಡಿಕೊಂಡೇ ಬಂದಿದ್ದ. ಎಷ್ಟು ಹಿತ್ತಲು ಅಗೆಸಿಯಾನು? ಒಂದು ಕಡ್ಡಿ ಬೇಕು ಎಂದು ಮೆಲ್ಲಗೆ ಕೇಳಿದ.

ಅವಳು ಎರಡು ಕಡ್ಡಿ ಮುರಿದು ಕೊಟ್ಟಳು. "ಒಂದು ಅರಮನೆಗೆ, ಇನ್ನೊಂದು ಅರಮನೆಯ ಕಸ ಗುಡಿಸುವವಳ ಮನೆಗೆ. ಅವಳ ಮನೆಯದು ಚಿಗುರೋ ತನಕ ನಿಮ್ಮ ದೊರೆಸಾನಿ ಹೂ ಮುಡಿಯೋ ಹಾಗಿಲ್ಲ. ನನ್ನ ನಿಯಮ ಅಂತ ಹೇಳಿ," ಎಂದಳು.

ಗುರುಗಳು ಕತೆ ನಿಲ್ಲಿಸಿದರು.

ಮರುಳಪ್ಪನ ಮುಖ ಅರಳಿತ್ತು. "ಹಾಗಾದರೆ ನಾನೂ ನಾಳೆ ನಾಡಗೌಡನಿಗೆ ಹೇಳಿಬಿಡುತ್ತೇನೆ, ಸುಡು ಎಂದು!" ಎಂದ.

ಗುರುಗಳು ಕೇಳಿದರು: "ಆ ಓಲೆಯಲ್ಲಿರುವುದನ್ನು ಇಲ್ಲಿಯ ತನಕ ಎಷ್ಟು ಮಂದಿಗೆ ಕಲಿಸಿದ್ದೀಯ?"

"ಒಬ್ಬರಿಗೂ ಇಲ್ಲ," ಎಂದ ಮರುಳಪ್ಪ.