ಅಳುವ ಧಾಟಿಗೆ ವನ್ಸ್ ಮೋರ್

ಹತ್ತಿರ ಬನ್ನಿ, ಬಾಗಿಲು ಮುಂದಕ್ಕೆ ಮಾಡಿ. ನಾನು ಹೇಳಿದೆನೆಂದು ಯಾರ ಮುಂದೆಯೂ ಬಾಯಿ ಬಿಡಬಾರದು, ನಿಮ್ಮ ಮಕ್ಕಳಾಣೆ.

ನಮ್ಮ ಓಣಿಯ ಗುರಪಾದಪ್ಪ ಮಾಸ್ತರ ನಾಟಕ ಕಂಪನಿಗೆ ಹಾಡು ಬರೆಯುವವನು. ರಾಗ ಕಟ್ಟಿ ಹಾರ್ಮೋನಿಯಂ ಪೇಟಿ ನುಡಿಸುವವನೂ ಅವನೇ. ಮೊದಮೊದಲು ಅವನ ಹಾಡು ಶುರುವಾದರೆ ಜನ ಬೀಡಿ ಸೇದಲು ಎದ್ದು ಹೋಗುತ್ತಿದ್ದರು. ಕಂಪನಿ ಮಾಲೀಕ ಕಡ್ಡಿ ಮುರಿದಂತೆ ಹೇಳಿಬಿಟ್ಟ: "ಮಾಸ್ತರ, ಮುಂದಿನ ನಾಟಕಕ್ಕ ಜನ ವನ್ಸ್ ಮೋರ್ ಅನ್ನಲಿಲ್ಲಂದ್ರ ಮನಿ ಹಾದಿ ಹಿಡೀರಿ."

ಅದೇ ವಾರ ನಮ್ಮ ಪಕ್ಕದ ಮನೆ ಸಾವಂತ್ರೆವ್ವನ ಗಂಡ ಸತ್ತ. ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಸತ್ತವರನ್ನು ನೆನೆದು ಹಾಡಿ ಅಳುತ್ತೇವೆ. ಅದಕ್ಕೆ ನಮ್ಮೂರಲ್ಲಿ ಇರುವುದು ಒಂದೇ ಧಾಟಿ, ಅಜ್ಜಿಯರ ಕಾಲದ್ದು. ಸಾವಂತ್ರೆವ್ವ ಹೆಣದ ಮುಂದೆ ಕೂತು ಎತ್ತಿದಳು: "ಬುತ್ತಿ ಆರೇತಿ ಬಾರೋ, ಹೊಲಕ ಹೋದವನ, ಬುತ್ತಿ ಆರೇತಿ ಬಾರೋ." ಮಾಸ್ತರ ಕಂಬಕ್ಕೊರಗಿ ಕಣ್ಣು ಮುಚ್ಚಿ ಕೂತಿದ್ದ. ಎಂಥ ಕರುಳಪ್ಪ ಇವನದು ಅಂದುಕೊಂಡರು ಎಲ್ಲ. ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿದ್ದುದನ್ನು ನಾನೊಬ್ಬಳೇ ನೋಡಿದ್ದು.

ತಿಂಗಳು ತುಂಬುವುದರೊಳಗೆ ಆ ಧಾಟಿ ರಂಗ ಹತ್ತಿತು. ಹಾಡಿದವನು ಯಾರು? ಸೀರೆ ಉಟ್ಟ ಹಾಸ್ಯಗಾರ. "ಬುತ್ತಿ ಆರೇತಿ ಬಾರೋ ಮಾವ, ಬರಲಿಲ್ಲಂದ್ರ ನಾಯಿಗೆ ಹಾಕತೇನಿ" ಅನ್ನುತ್ತ ಸೊಂಟ ಕುಣಿಸಿದ. ಜನ ಬಿದ್ದು ಬಿದ್ದು ನಕ್ಕು, ವನ್ಸ್ ಮೋರ್ ಎಂದು ಮತ್ತೆ ಮತ್ತೆ ಹಾಡಿಸಿದರು.

ಸಾವಂತ್ರೆವ್ವ ಅವನ ಮನೆಗೇ ಹೋದಳು. "ಮಾಸ್ತರ, ಧಾಟಿ ಬೇಕಾದ್ರ ಇಟ್ಕೋ. ನಗೋ ಹಾಡಿಗೆ ಬ್ಯಾಡ, ಅಳೋ ಹಾಡಿಗೆ ಹಾಕು."

"ಅಳೋ ಹಾಡಿಗೆ ಯಾರವ್ವ ವನ್ಸ್ ಮೋರ್ ಅಂತಾರ?" ಅಂದ ಆ ಪುಣ್ಯಾತ್ಮ.

ಹಾಡು ಊರೂರಿಗೆ ಹಬ್ಬಿತು. ಭಿತ್ತಿಪತ್ರದಲ್ಲಿ ಅವನ ಹೆಸರು ನಾಯಕಿಯದಕ್ಕಿಂತ ದಪ್ಪ. ಓಣಿಯ ಮಕ್ಕಳ ಬಾಯಲ್ಲೂ ಅದೇ ಹಾಡು.

ಮೊನ್ನೆ ಅವನ ತಾಯಿ ತೀರಿಕೊಂಡಳು. ಎಲ್ಲ ಹೋಗಿ ಕೂತೆವು. ಅವನ ಅಕ್ಕ ಅದೇ ಧಾಟಿಯಲ್ಲಿ ಒಂದು ನುಡಿ ಎತ್ತಿದಳಷ್ಟೇ, ಅಂಗಳದ ಮಕ್ಕಳು "ನಾಯಿಗೆ ಹಾಕತೇನಿ" ಎಂದು ಮುಗಿಸಿದವು. ಶಿವನೇ, ಹೆಣದ ಮುಂದೆ ದೊಡ್ಡವರೂ ಕಿಸಕ್ಕೆಂದರು. ಅಕ್ಕ ಸೆರಗು ಬಾಯಿಗೆ ತುರುಕಿಕೊಂಡಳು. ಮತ್ತೆ ಒಬ್ಬ ಹೆಂಗಸೂ ಬಾಯಿ ತೆರೆಯಲಿಲ್ಲ. ಮಾಸ್ತರ ಒಬ್ಬೊಬ್ಬರ ಕಾಲು ಹಿಡಿದ: "ನಮ್ಮವ್ವಗ ಒಂದು ನುಡಿ ಅಳ್ರೆವ್ವ." ಯಾರು ಅಳುತ್ತಾರೆ? ಹೆತ್ತ ತಾಯಿಯನ್ನು ದಿಕ್ಕಿಲ್ಲದ ಹೆಣದಂತೆ ಒಯ್ದು ಮಣ್ಣು ಮಾಡಿದರು.

ನೀತಿ: ಮಂದಿಯ ಅಳುವನ್ನು ನಗೆಗೆ ಮಾರಿದವನ ಮನೆಯಲ್ಲಿ ಅಳುವುದಕ್ಕೂ ಧಾಟಿ ಉಳಿಯುವುದಿಲ್ಲ.

ಇದನ್ನೇ ನಲ್ಲಿಕಟ್ಟೆಯಲ್ಲಿ ಹೇಳುತ್ತಿದ್ದೆ. ಸಾವಂತ್ರೆವ್ವ ಕೊಡ ಕೆಳಗಿಟ್ಟು ನನ್ನ ಮುಖದ ಮೇಲೇ ಅಂದಳು: "ಅಂವ ನನ್ನ ಅಳು ಒಯ್ದು ಮಂದೀನ ನಗಸಿದ. ನೀ ಅವನ ಅಳು ಹೊತ್ಕೊಂಡು ಮನಿಮನಿ ತಿರಗಾಕ ಹತ್ತೀಯಲ್ಲಬೇ. ಅಂವ ಪೇಟಿನಾದ್ರೂ ಛಂದ ನುಡಸತಿದ್ದ."