ಗೂಡಿನಂಗಡಿ ತಿಪ್ಪೇಶಿ

ಕೆರೆ ಏರಿ ಮೇಲೊಂದು ಜಾಲಿ ಮರ. ಆ ಮರದಲ್ಲಿ ಗೀಜಗ ತಿಪ್ಪೇಶಿ ಗೂಡಿನಂಗಡಿ ಇಟ್ಟಿದ್ದ. ಗೀಜಗ ಗೊತ್ತಲ್ವಾ ಮಕ್ಕಳೇ? ಹುಲ್ಲೆಳೆ ಸೀಳಿ ಸೀಳಿ, ಸೋರೆಬುರುಡೆ ತರ ನೇತಾಡೋ ಗೂಡು ಹೆಣೆಯುತ್ತಲ್ಲ, ಅದೇ ಹಳದಿ ತಲೆ ಹಕ್ಕಿ. ಅವರಲ್ಲೊಂದು ಪದ್ಧತಿ: ಗೂಡಿಗೆ ಉದ್ದನೆ ಕೊಳವೆ ಬಾಗಿಲು ಹೆಣೆದರೇನೇ ಅದು ಮನೆ. ಕೊಳವೆ ಇದ್ರೆ ಹಾವು ಜಾರಿ ನೀರಿಗೆ ಬೀಳುತ್ತೆ. ಇಲ್ಲಾಂದ್ರೆ ಮರಿಗಳು ಹಾವಿನ ಹೊಟ್ಟೆಗೆ.

ತಿಪ್ಪೇಶಿಯ ಸ್ವಂತ ಗೂಡು ಆಚೆ ದಡದ ಈಚಲು ಮರದಲ್ಲಿತ್ತು. ಅದಕ್ಕೆ ಮಾತ್ರ ಕೊಳವೆ ಇರಲಿಲ್ಲ!

"ರೀ, ಕೊಳವೆ ಯಾವಾಗ?" ಅಂತ ಹೆಂಡತಿ ಹೊನ್ನಿ ದಿನಾ ಕೇಳ್ತಿದ್ದಳು.

"ಇದೊಂದು ಆರ್ಡರ್ ಮುಗೀಲಿ ಕಣೇ."

ಅದು ಮುಗಿಯೋಷ್ಟರಲ್ಲಿ ಇನ್ನೊಂದು. ಅಳಿಲಿಗೆ ಕಡಲೆಕಾಯಿ ಇಡೋ ಅಟ್ಟ ಇರೋ ಗೂಡು. ಕಾಗೆಗೆ, ಕೋಗಿಲೆ ಕದ್ದು ಬಂದು ಮೊಟ್ಟೆ ಇಡೋಕಾಗದಂಥ ಗೂಡು. ನವಿಲು ಯಜಮಾನ್ರಿಗಂತೂ ಬಾಲ ಮಡಚದೇ ಮಲಗೋ ಗೂಡು! ಯಾರು ಏನೇ ಕೇಳಲಿ, ತಿಪ್ಪೇಶಿ ಬಾಯಲ್ಲಿ ಒಂದೇ ಮಾತು: "ಆಗುತ್ತೆ ಸಾರ್."

ಹಗಲೆಲ್ಲ ಹೆಣೆಯೋದು. ಮನೆಗೆ ಬಂದು ಕಣ್ಣು ಮುಚ್ಚಿದ್ರೆ ತಲೆ ತುಂಬಾ ನವಿಲಿನ ಬಾಲ. "ಹುಲ್ಲು ಬಂತಾ? ಹುಲ್ಲು ಬಂತಾ?" ಅಂತ ಕಿರುಚಿ ಮರಿಗಳನ್ನೂ ಎಬ್ಬಿಸ್ತಿದ್ದ. ಒಂದಿನ ಬೆಳಗ್ಗೆ ನಿದ್ದೆಗಣ್ಣಲ್ಲಿ ಹುಳಾನ ಗೂಡಿಗೆ ಹೆಣೆದು, ಹುಲ್ಲನ್ನ ಮರಿ ಬಾಯಿಗೆ ತುರುಕಿದ.

"ಥೂ! ಅಮ್ಮಾ, ಅಂಗಡಿ ಮಾಮ ಹುಲ್ಲು ತಿನ್ನಿಸ್ತಿದಾನೆ!"

"ಅದು ನಿಮ್ಮಪ್ಪ ಕಣೋ," ಅಂದಳು ಹೊನ್ನಿ. ಗಂಡನ ಕಡೆ ತಿರುಗಿ, "ಊರಿಗುಪಕಾರಿ, ಮನೆಗೆ ಮಾರಿ! ಕೊಳವೆ ಹೆಣೀತೀರೋ, ಇಲ್ಲಾ ಮರಿಗಳನ್ನ ಕರ್ಕೊಂಡು ತವರಿಗೆ ಹೋಗ್ಲೋ?"

"ಹ್ಞೂಂ, ಆಗುತ್ತೆ ಸಾರ್," ಅಂದ ತಿಪ್ಪೇಶಿ. ಹೆಂಡತಿಗೆ!

ಅಂದು ಅಂಗಡಿಗೆ ಹೋದವನು ವಾರಗಟ್ಟಲೆ ಅಲ್ಲೇ ಉಳಿದುಬಿಟ್ಟ. ನವಿಲಿನ ಬಾಲ ಬೇರೆ ದಿನದಿನಕ್ಕೂ ಬೆಳೀತಿತ್ತು.

ಒಂದು ಮಧ್ಯಾಹ್ನ ಕೇರೆಹಾವು ಉದ್ದಪ್ಪ ಅಂಗಡಿ ಕೊಂಬೆಗೆ ಸುತ್ಕೊಂಡು ಬಂದ. ಬೇರೆ ಗೀಜಗ ಆಗಿದ್ರೆ ಅರಚ್ಕೊಂಡು ಹಾರಿಹೋಗ್ತಿತ್ತು. ಆದ್ರೆ ನಿದ್ದೆಗೆಟ್ಟ ತಿಪ್ಪೇಶಿಗೆ ಕಂಡಿದ್ದು ಹಾವಲ್ಲ, ಗಿರಾಕಿ.

"ಬನ್ನಿ ಸಾರ್! ಉದ್ದ ಮೈಯೋರಿಗೆ ಬೇರೆ ಅಳತೆ ಇದೆ."

ಉದ್ದಪ್ಪ ತಬ್ಬಿಬ್ಬಾದ. ತಿನ್ನೋಕೆ ಬಂದೋನನ್ನ ಯಾರೂ ಹೀಗೆ ಉಪಚಾರ ಮಾಡಿರಲಿಲ್ಲ. "ಹ್ಞಾಂ... ಗೂಡು ಬೇಕಿತ್ತು. ಕೊಳವೆ ಇಲ್ಲದ್ದು. ಸ್ಯಾಂಪಲ್ ಇದ್ಯಾ?"

"ಇದೆ ಸಾರ್! ಆಚೆ ದಡ, ಈಚಲು ಮರ, ಕೆಳಗಿನ ಗರಿ. ಸಲೀಸಾಗಿ ಒಳಗೆ ಹೋಗ್ಬಹುದು. ಮರಿಗಳಿದಾವೆ, ಸ್ವಲ್ಪ ಗಲಾಟೆ. ಬೇಜಾರು ಮಾಡ್ಕೋಬೇಡಿ."

"ಛೇ ಛೇ, ಮರಿ ಅಂದ್ರೆ ನಂಗೆ ಪ್ರಾಣ," ಅಂತ ಉದ್ದಪ್ಪ ಸರ್ರನೆ ಹೊರಟ.

ತಿಪ್ಪೇಶಿ ಇನ್ನೊಂದೆರಡು ಎಳೆ ಹೆಣೆದ. ಆಮೇಲೆ ಹುಲ್ಲು ಕೊಕ್ಕಿಂದ ಜಾರಿ ಬಿತ್ತು.

"ಅಯ್ಯಯ್ಯೋ! ಅದು ನಮ್ಮನೆ!"

ಎದ್ದೆನೋ ಬಿದ್ದೆನೋ ಅಂತ ಹಾರಿದ. ನೋಡಿದ್ರೆ, ಗೂಡಿನ ತೂತಿಂದ ಹಾವಿನ ಬಾಲ ನೇತಾಡ್ತಿದೆ. ತಿಪ್ಪೇಶಿ ಹೋಗಿ ಆ ಬಾಲಾನೇ ಕೊಕ್ಕಿಂದ ಹಿಡಿದು ಎಳೆದ.

ಅಷ್ಟರಲ್ಲಿ ಉದ್ದಪ್ಪನ ತಲೆ ಹೊರಗೆ ಬಂತು. ಮೂತಿ ಗಂಟು.

"ಏನ್ರೀ ಇದು ಮೋಸ? ಮರಿ ಇದಾವೆ ಅಂದ್ರಿ, ಒಂದು ಪುಕ್ಕಾನೂ ಇಲ್ಲ! ಜೇಡ ಬಲೆ ಕಟ್ಟಿದೆ. ನಿಮ್ಮನೆ ಖಾಲಿ ಆಗಿ ಎಷ್ಟು ದಿನ ಆಯ್ತು ಅಂತ ನಿಮಗೇ ಗೊತ್ತಿಲ್ವಾ?"

ಹಾವು ಬೈಕೊಂಡು ಹೋಯ್ತು. ತಿಪ್ಪೇಶಿ ಸೀದಾ ಅತ್ತೆ ಮನೆ ಇದ್ದ ಹೊಂಗೆ ಮರಕ್ಕೆ ಹಾರಿದ. ಎದುರಿಗೇ ಪುಟ್ಟದೊಂದು ಗೀಜಗ ಗಿರಕಿ ಹೊಡೀತಿತ್ತು. ಇವನನ್ನ ನೋಡಿ, "ಅಜ್ಜೀ, ಯಾರೋ ಗಿರಾಕಿ ಬಂದಿದಾರೆ!" ಅಂತ ಕೂಗ್ತು.

"ಇವು ಹಾರೋಕೆ ಯಾವಾಗ ಕಲಿತ್ವು?" ಅಂತ ಕೇಳಿದ ತಿಪ್ಪೇಶಿ.

"ನೀವು ನವಿಲಿನ ಬಾಲ ಅಳೀತಿದ್ದಾಗ," ಅಂದಳು ಹೊನ್ನಿ.

ತಿಪ್ಪೇಶಿ ಎಲ್ಲರನ್ನೂ ಕರ್ಕೊಂಡು ಹೋಗಿ ಮನೆಗೆ ಕೊಳವೆ ಹೆಣೆದ. ಅದು ಎಷ್ಟು ಉದ್ದ ಅಂದ್ರೆ, ಒಳಗೆ ಹೋಗೋಷ್ಟರಲ್ಲಿ ಹೊನ್ನಿಗೆ ಹಸಿವಾಗ್ತಿತ್ತು. ಹೆಣೆದು ಮುಗಿಸಿ, ಮರಿಗಳ ಮಧ್ಯೆ ಬಿದ್ಕೊಂಡು, ಗೂಡು ಅಲ್ಲಾಡೋ ಹಾಗೆ ಗೊರಕೆ ಹೊಡೆದ.

ಮಾರನೇ ದಿನ ನವಿಲು ಯಜಮಾನ್ರು ಈಚಲು ಮರದ ಕೆಳಗೆ ನಿಂತು ಕೂಗಿದ್ರು: "ಏಯ್ ತಿಪ್ಪೇಶಿ! ನನ್ನ ಗೂಡೆಲ್ಲೋ?"

ಕೊಳವೆಯಿಂದ ಮರಿಯೊಂದು ತಲೆ ಹೊರಗೆ ಹಾಕ್ತು. "ಅಂಗಡಿ ಬಂದ್ ಸಾರ್! ಮೆಲ್ಲಗೆ ಮಾತಾಡಿ, ನಮ್ಮಪ್ಪ ಮಲಗಿದಾನೆ."

ನೀತಿ: ನಿದ್ದೆಗೆಟ್ಟ ವ್ಯಾಪಾರಿ ಹಾವಿಗೂ ಮನೆ ದಾರಿ ತೋರಿಸ್ತಾನೆ, ಊರಿಗೆಲ್ಲ ಗೂಡು ಕಟ್ಟೋ ಮುಂಚೆ ನಿನ್ನ ಗೂಡಿಗೆ ಬಾಗಿಲು ಹೆಣೆ.