ದ್ಯಾಮವ್ವ ಸಾಕಿದ ಬೂದ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಂದಿರದ ಕಾಲ ಅಂತಿಟ್ಕೋ, ಒಂದೂರಲ್ಲಿ ದ್ಯಾಮವ್ವ ಅಂತ ಕುರಿ ಕಾಯೋಳು ಇದ್ಲಂತೆ. ಗಂಡ ಇಲ್ಲ, ಮಕ್ಕಳಿಲ್ಲ, ಬಾಯಿ ಮಾತ್ರ ಜೋರು. ಪಕ್ಕದ ಮನೇಲಿ ನಿಂಗಾಜಮ್ಮ ಅಂತ ಜೊಂಡಿನ ಚಾಪೆ ಹೆಣೆಯೋಳು, ಪಾಪ, ಅವಳಿಗೆ ಎರಡು ಕಣ್ಣೂ ಕಾಣ್ತಿರಲಿಲ್ಲವಂತೆ. ಕೆರೆಗೆ ಹೋಗಿ ಜೊಂಡು ಕುಯ್ಯಬೇಕು ಅಂದ್ರೆ ಯಾರಾದ್ರೂ ಕೈ ಹಿಡಿದು ಕರ್ಕೊಂಡು ಹೋಗಬೇಕು, ಕೇಳಿದವರೆಲ್ಲ ನಾಳೆ ಬಾ ಅನ್ನೋರೇ. ಆಮೇಲೆ ಒಂದಿನ ಅವಳು ದ್ಯಾಮವ್ವನ ಹತ್ರ, ಅಕ್ಕಾ, ನನ್ನಷ್ಟಕ್ಕೆ ನಾನೇ ಕೆರೆಗೆ ಹೋಗಿ ಬರೋ ಹಾಗಾದ್ರೆ ಸಾಕು ಕಣಕ್ಕ ಅಂತ ಅತ್ತೇಬಿಟ್ಲಂತೆ.

ಆಗಷ್ಟೇ ದ್ಯಾಮವ್ವನ ನಾಯಿ ಮೂರು ಮರಿ ಹಾಕಿತ್ತು, ಕರಿಯ, ಕೆಂದ, ಬೂದ. ಅಳಬೇಡ ಸುಮ್ಕಿರು, ಇದರಲ್ಲೊಂದನ್ನ ಪಳಗಿಸಿ ನಿನಗೆ ಕಣ್ಣು ಮಾಡಿಕೊಡ್ತೀನಿ ಅಂತ ದ್ಯಾಮವ್ವ ಮಾತು ಕೊಟ್ಲಂತೆ. ಮರಿಗಳು ಸ್ವಲ್ಪ ಬಲಿತ ಮೇಲೆ ಮೈಗೆ ಚರ್ಮದ ಪಟ್ಟಿ ಕಟ್ಟಿ, ಅದಕ್ಕೊಂದು ಬಿದಿರಿನ ಹಿಡಿ ಸಿಗಿಸಿ, ತಾನೇ ಕಣ್ಣಿಗೆ ಬಟ್ಟೆ ಕಟ್ಕೊಂಡು ಅವುಗಳ ಹಿಂದೆ ನಡೆದ್ಲಂತೆ. ಊರವರೆಲ್ಲ ನಕ್ಕಿದ್ದೇ ನಕ್ಕಿದ್ದು.

ಮೊದಲ ಪರೀಕ್ಷೆ ಸಂತೆಯಲ್ಲಿ. ಮಾಂಸದಂಗಡಿ ಬಂದಿದ್ದೇ ತಡ, ಕರಿಯ ಮೂಳೆಗೆ ಹಾರಿ ದ್ಯಾಮವ್ವನ್ನ ಚರಂಡಿಗೆ ಕೆಡವಿದನಂತೆ. ಆಮೇಲೆ ಕುರಿಮಂದೆ. ಕೆಂದ ಕುರಿಗಳನ್ನ ಕಂಡು ಹಿಡಿ ಗಿಡಿ ಎಲ್ಲ ಮರೆತು ಅಟ್ಟಿಸಿಕೊಂಡು ಹೋದನಂತೆ. ನೀನು ಮಂದೆ ಕಾಯೋದೇ ಸರಿ ಹೋಗೋ ಅಂತ ಬೈದು ಅವನನ್ನ ಅಲ್ಲೇ ಬಿಟ್ಲು. ಬೂದ ಮಾತ್ರ ಮೂಳೆಗೂ ಬಗ್ಗಲಿಲ್ಲ, ಕುರಿಗೂ ಜಗ್ಗಲಿಲ್ಲ. ಮೂರನೇದು ಕೆರೆ ದಾರಿ, ನಿಂಗಾಜಮ್ಮನ ಜೊತೆಗೆ. ಅಲ್ಲಿ ಆಯ್ತು ನೋಡು ಎಡವಟ್ಟು! ಬೂದ ಹೆಜ್ಜೆ ಹೆಜ್ಜೆಗೂ ತಿರುಗಿ ದ್ಯಾಮವ್ವನ ಮನೆ ಕಡೆ ನೋಡೋದು, ಕುಂಯ್‌ಗುಡೋದು, ಅಲ್ಲೇ ಕೂತ್ಬಿಡೋದು.

ದ್ಯಾಮವ್ವನಿಗೆ ಆಗ ಗೊತ್ತಾಯ್ತಂತೆ. ದಿನಾ ತನ್ನ ಕೈಯಾರೆ ತುತ್ತು ತಿನ್ನಿಸಿ, ತನ್ನ ಕಂಬಳಿಯೊಳಗೇ ಮಲಗಿಸಿಕೊಂಡವಳು ಅವಳೇ ಅಲ್ವ? ಯಾರ ಕೈತುತ್ತು ತಿನ್ನುತ್ತೋ ಅವರನ್ನೇ ನಾಯಿ ತನ್ನೋರು ಅಂದ್ಕೊಳ್ಳೋದು. ಅದಕ್ಕೇ ಅನ್ನದ ಬಟ್ಟಲನ್ನೂ ಕಂಬಳೀನೂ ನಿಂಗಾಜಮ್ಮನಿಗೆ ಕೊಟ್ಟು, ಇನ್ನು ಮೇಲೆ ಇವನು ನಿನ್ನೋನು ಅಂದ್ಲಂತೆ. ಸಂಜೆಯಾದ್ರೆ ಬೂದ ಬಂದು ದ್ಯಾಮವ್ವನ ಬಾಗಿಲು ಕೆರೆಯೋನು. ಅವಳು ಒಳಗೆ ಅಗಳಿ ಹಾಕ್ಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಕೂತು ಬಿಕ್ಕಿಬಿಕ್ಕಿ ಅಳೋಳು, ಬಾಗಿಲು ಮಾತ್ರ ತೆಗೀತಿರಲಿಲ್ಲ. ಅಯ್ಯೋ, ಹೊಟ್ಟೇಲಿ ಹುಟ್ಟಿದ್ದನ್ನ ಕೊಟ್ಟಷ್ಟು ಸಂಕಟ ಅವಳಿಗೆ. ಬರ್ತಾ ಬರ್ತಾ ಕೆರೆಯೋದು ನಿಂತಿತು. ಅದಕ್ಕೂ ಅತ್ಲಂತೆ.

ಆಮೇಲೆ ಒಂದ್ಸಲ ಜೋರು ಮಳೆ ಬಂದು ಕೆರೆ ದಾರಿ ನಡುವೆ ಆಳುದ್ದ ಕುಸಿದಿತ್ತು. ಬೆಳಿಗ್ಗೆ ಆ ಗುಂಡಿಯ ಆಚೆ ಕುರಿ ಮೇಯಿಸ್ತಿದ್ದ ದ್ಯಾಮವ್ವ ನೋಡ್ತಾಳೆ, ಊರ ಕಡೆಯಿಂದ ಬೂದನ ಹಿಡಿ ಹಿಡ್ಕೊಂಡು ನಿಂಗಾಜಮ್ಮ ಸೀದಾ ಗುಂಡಿ ಕಡೆಗೇ ಬರ್ತಿದ್ದಾಳೆ. ಕೂಗೋಣ ಅಂತ ಬಾಯಿ ತೆಗೆದೋಳು ಗಕ್ಕನೆ ತಡ್ಕೊಂಡ್ಲು. ತನ್ನ ದನಿ ಕೇಳಿ ಬೂದ ಈಚೆಗೆ ನೆಗೆದ್ರೆ? ಹಿಡಿ ಹಿಡಿದವಳೂ ಗುಂಡಿಗೆ ಬೀಳ್ತಾಳಲ್ಲ! ಸೆರಗು ಬಾಯಿಗೆ ತುರುಕಿಕೊಂಡು, ದೇವರೇ ದೇವರೇ ಅಂತ ನಿಂತ್ಲಂತೆ.

ಬೂದ ಗುಂಡಿ ಅಂಚಿಗೆ ಬಂದ, ತಲೆ ಎತ್ತಿದ, ದ್ಯಾಮವ್ವನ್ನ ಕಂಡ. ಬಾಲ ಅಲ್ಲಾಡಿತು, ಮೈಯೆಲ್ಲ ನಡುಗಿತು. ಒಂದು ನೆಗೆತ ನೆಗೆದಿದ್ರೆ ಅವಳ ಮಡಿಲು. ಅವನು ನೆಗೀಲಿಲ್ಲ. ತಿರುಗಿ ನಿಂಗಾಜಮ್ಮನ ಕಾಲಿಗೆ ಅಡ್ಡ ಮಲಗಿದನಂತೆ. ನಡಿಯೋ ಹೊತ್ತಾಯ್ತು ಅಂತ ಅವಳು ಬೈದ್ರೂ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಅವಳು ಇನ್ನೊಂದು ಕೈಲಿದ್ದ ಕೋಲು ಚಾಚಿ ನೋಡಿದ್ರೆ ಮುಂದೆ ನೆಲಾನೇ ಇಲ್ಲ! ಅಲ್ಲೇ ಕೂತು ಬೂದನ್ನ ತಬ್ಬಿಕೊಂಡ್ಲು.

ದ್ಯಾಮವ್ವ ಸುತ್ತು ಹಾಕಿ ಓಡಿಬಂದಳಂತೆ. ಬೂದ ಅವಳ ಮುಖ ಪೂರ್ತಿ ನೆಕ್ಕಿ, ಆಮೇಲೆ ತಾನಾಗೇ ಹೋಗಿ ನಿಂಗಾಜಮ್ಮನ ಪಕ್ಕ ನಿಂತನಂತೆ. ನನ್ನೋನೇ ಕಣೋ ನೀನು, ನಾನು ಕಲಿಸಿದೋನು, ಅದಕ್ಕೇ ಅವಳ ಪಕ್ಕ ನಿಂತಿದ್ದೀಯ ಅಂತ ದ್ಯಾಮವ್ವ ಅಳ್ತಾ ಅಳ್ತಾ ನಕ್ಕಳಂತೆ. ಆಮೇಲೂ ನಿಂಗಾಜಮ್ಮ ಯಾರನ್ನೂ ಕೇಳದೆ ಕೆರೆಗೆ ಹೋಗಿ ಬರ್ತಿದ್ಲು, ದ್ಯಾಮವ್ವ ಇನ್ಯಾರಿಗೋ ಕಣ್ಣಾಗಲಿ ಅಂತ ಇನ್ನೊಂದು ಮರಿಗೆ ಪಟ್ಟಿ ಕಟ್ಟಿದಳು. ಕತೆ ಇಲ್ಲಿಗೆ ಮುಗೀತು, ಕಣ್ಮುಚ್ಚು ನನ್ನ ಬಂಗಾರ.